ಕಣ್ಣಿನ ಕೆಳಗಿನ ನೆರಳು

ಹೆಣ್ಣಿನ ಕಣ್ಣನ್ನು ಕಮಲಕ್ಕೂ ಮೀನಿಗೂ ಜಿಂಕೆಯ ಕಣ್ಣಿಗೂ ಹೋಲಿಸಿದ ಕವಿಗಳು ಆ ಕಣ್ಣಿನ ಕೆಳಗಿನ ಎರಡು ಬೆರಳಗಲದ ಜಾಗದ ಮಾತನ್ನು ಮಾತ್ರ ಎತ್ತಿದಂತೆ ಕಾಣೆ. ಆದರೆ ನಮ್ಮ ನೆಂಟರಿಷ್ಟರು ಕವಿಗಳಲ್ಲವಷ್ಟೆ! ಮದುವೆಯ ಮನೆಯ ಬಾಗಿಲಿನಲ್ಲಿ ಪನ್ನೀರು ಚಿಮುಕಿಸಿಕೊಂಡು ಒಳಗೆ ಬರುತ್ತಿದ್ದಂತೆಯೇ ಅವರ ದೃಷ್ಟಿ ನೇರವಾಗಿ ಅಲ್ಲಿಗೇ ಹೋಗುತ್ತದೆ. “ಯಾಕಮ್ಮ ಹೀಗಾಗಿಬಿಟ್ಟಿದ್ದೀಯ? ನಿದ್ದೆಗಿದ್ದೆ ಮಾಡುತ್ತೀಯೋ ಇಲ್ಲವೋ?” ಎಂಬ ಪ್ರಶ್ನೆ ಬರುತ್ತದೆ. ಕೇಳುವವರ ಮನಸ್ಸಿನಲ್ಲಿ ಕೇಡಿರುವುದಿಲ್ಲ. ಆದರೆ ಕೇಳಿಸಿಕೊಂಡವಳು ಆ ದಿನವೆಲ್ಲ ಕನ್ನಡಿ ಕಂಡಲ್ಲಿ ತಲೆ ತಗ್ಗಿಸುತ್ತಾಳೆ.

ಕಣ್ಣಿನ ಕೆಳಗಿನ ಕಪ್ಪು ವರ್ತುಲಗಳನ್ನು ಮರೆಮಾಡಲು ಇಂದು ಅಂಗಡಿಗಳಲ್ಲಿ ಡಬ್ಬಿ, ಕಡ್ಡಿ, ಕೊಳವೆಗಳಿಗೆ ಕೊರತೆಯಿಲ್ಲ. ಕೊರತೆ ಇರುವುದು ಅವನ್ನು ಬಳಸುವ ತಿಳಿವಳಿಕೆಗೆ. ತಿಳಿಯದೆ ಹಚ್ಚಿದ ಬಣ್ಣವು ಕಪ್ಪನ್ನು ಮುಚ್ಚುವುದರ ಬದಲು ಅದನ್ನು ಊರಿಗೆಲ್ಲ ಸಾರಿಬಿಡುತ್ತದೆ. ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ನಮ್ಮ ಮನೆಯಲ್ಲಿಯೇ ಕಂಡದ್ದು. ನನ್ನ ಅತ್ತಿಗೆಯವರ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡವೆಂದಿದ್ದಾರೆ.

ಆಲ್ಬಮ್ಮಿನಿಂದ ಮಾಯವಾದ ಚಿತ್ರಗಳು

ನಮ್ಮ ತಾಯಿ ಎರಡು ವರ್ಷ ಹಾಸಿಗೆ ಹಿಡಿದಿದ್ದರು. ನಾನು ಮಗಳಾದರೂ ಬೇರೆ ಊರಿನಲ್ಲಿದ್ದವಳು. ತಿಂಗಳಿಗೊಮ್ಮೆ ಹಣ್ಣಿನ ಚೀಲ ಹಿಡಿದು ಬಂದು, ಎರಡು ದಿನವಿದ್ದು, ಕಣ್ಣೊರಸಿಕೊಂಡು ಹೊರಟುಬಿಡುತ್ತಿದ್ದೆ. ರಾತ್ರಿ ಮೂರು ಮೂರು ಸಲ ಎದ್ದು ತಾಯಿಯನ್ನು ಮಗ್ಗುಲು ತಿರುಗಿಸಿ ಮಲಗಿಸುತ್ತಿದ್ದವರು ಅತ್ತಿಗೆ. ತಾಯಿ ತೀರಿಕೊಂಡ ಮರುವರ್ಷ ಅಣ್ಣನ ಮಗಳಿಗೆ ಗಂಡು ಗೊತ್ತಾಗಿ, ಮೈಸೂರಿನಲ್ಲಿ ನಿಶ್ಚಿತಾರ್ಥ ನಡೆಯಿತು.

ಅತ್ತಿಗೆಯವರದು ಎಣ್ಣೆಗೆಂಪು ಮೈಬಣ್ಣ. ಕಣ್ಣಿನ ಕೆಳಗೆ ಮೊದಲಿನಿಂದಲೂ ಸ್ವಲ್ಪ ಕಪ್ಪಿದ್ದಿತು. ಆ ಎರಡು ವರ್ಷಗಳಲ್ಲಿ ಅದು ಗಾಢವಾಗಿದ್ದಿತು. ಮಗಳು ಪ್ರೀತಿಯಿಂದ ತಾಯಿಯನ್ನು ಕನ್ನಡಿಯ ಮುಂದೆ ಕೂರಿಸಿ, ತನ್ನ ಡಬ್ಬಿಯಲ್ಲಿದ್ದ ಕ್ರೀಮನ್ನೇ ಧಾರಾಳವಾಗಿ ಹಚ್ಚಿ, ಮೇಲೆ ಬಿಳಿಯ ಪೌಡರನ್ನೂ ಒತ್ತಿದಳು. ಮಗಳದು ತಂದೆಯ ಕಡೆಯ ಗೋಧಿ ಬಣ್ಣ. ಕೋಣೆಯ ದೀಪದಲ್ಲಿ ಎಲ್ಲವೂ ಚೆನ್ನಾಗಿಯೇ ಕಂಡಿತು. ಆದರೆ ಹಗಲಿನ ಬೆಳಕಿಗೆ ಬಂದ ಕೂಡಲೇ ಗಂಡಿನ ತಾಯಿ ಕಳವಳದಿಂದ, “ಬೀಗಿತ್ತಿಯವರೇ, ಜ್ವರಗಿರ ಬಂದಿತ್ತೇನು?” ಎಂದು ಕೇಳಿದರು.

ವಾರ ಕಳೆದ ಮೇಲೆ ಛಾಯಾಚಿತ್ರಗಳು ಬಂದವು. ಕ್ಯಾಮೆರಾದ ಫ್ಲ್ಯಾಷ್ ದೀಪ ಬಿದ್ದಲ್ಲೆಲ್ಲ ಅತ್ತಿಗೆಯವರ ಕಣ್ಣಿನ ಕೆಳಗೆ ಯಾರೋ ವಿಭೂತಿ ಬಳಿದಂತೆ ಎರಡು ಬೂದು ಬಣ್ಣದ ಅರ್ಧಚಂದ್ರಗಳು! ಅವರು ಏನೂ ಹೇಳಲಿಲ್ಲ. ಮರುದಿನ ನಾನು ಆಲ್ಬಮ್ ತೆರೆದಾಗ ನಾಲ್ಕು ಚಿತ್ರಗಳ ಜಾಗ ಖಾಲಿಯಾಗಿದ್ದಿತು. ಕೇಳಿದ್ದಕ್ಕೆ, “ಮದುವೆಯಲ್ಲಿ ಧಾರೆಯ ಹೊತ್ತಿನ ಒಂದು ಫೋಟೋ ಸಾಕು ಕಣೇ. ಮಿಕ್ಕದ್ದಕ್ಕೆಲ್ಲ ನಾನು ಹಿಂದೆ ನಿಂತುಕೊಳ್ಳುತ್ತೇನೆ” ಎಂದರು.

ಒಬ್ಬಳೇ ಮಗಳ ಮದುವೆಯಲ್ಲಿ ತಾಯಿ ಹಿಂದೆ ನಿಲ್ಲುವುದೆಂದರೇನು? ಅದೂ ನನ್ನ ತಾಯಿಗಾಗಿ ನಿದ್ದೆಗೆಟ್ಟ ಕಣ್ಣುಗಳ ಕಾರಣದಿಂದ! ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಮದುವೆಗೆ ಇನ್ನೂ ಎರಡು ತಿಂಗಳಿದ್ದಿತು. ಒಂದು ಕಾಲಕ್ಕೆ ನಾಟಕದ ಮಂದಿಗೆ ಬಣ್ಣ ಹಚ್ಚುತ್ತಿದ್ದು, ಈಗ ಮದುಮಕ್ಕಳ ಅಲಂಕಾರ ಮಾಡುವ ಹಿರಿಯ ಮಹಿಳೆಯೊಬ್ಬರ ಪರಿಚಯ ನನಗಿದ್ದಿತು. ಬಲವಂತದಿಂದ ಅತ್ತಿಗೆಯವರನ್ನು ಅವರ ಬಳಿಗೆ ಕರೆದೊಯ್ದೆ.

ಕಪ್ಪು ಒಂದೇ ಬಗೆಯದಲ್ಲ

ಆ ಹಿರಿಯರು ಮೊದಲು ಡಬ್ಬಿಯನ್ನೇ ತೆರೆಯಲಿಲ್ಲ. ಅತ್ತಿಗೆಯವರನ್ನು ಕಿಟಕಿಯ ಬಳಿ ಕೂರಿಸಿ, ಒದ್ದೆ ಬಟ್ಟೆಯಿಂದ ಮುಖ ಒರೆಸಿ, “ಹಚ್ಚುವ ಬಣ್ಣ ಆಮೇಲಾಯಿತಮ್ಮ. ಇರುವ ಬಣ್ಣ ಯಾವುದೆಂದು ಮೊದಲು ನೋಡೋಣ” ಎಂದರು.

ಕಣ್ಣಿನ ರೆಪ್ಪೆಯ ಚರ್ಮ ನಮ್ಮ ದೇಹದಲ್ಲಿಯೇ ಅತ್ಯಂತ ತೆಳುವಾದದ್ದು. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಕೆನ್ನೆಯಲ್ಲಿರುವಂತೆ ಅದರಡಿಯಲ್ಲಿ ಕೊಬ್ಬಿನ ಮೆತ್ತೆಯೂ ಇಲ್ಲ. ಆದ್ದರಿಂದ ಒಳಗಿನ ಸ್ನಾಯು, ರಕ್ತನಾಳಗಳ ಛಾಯೆ ಹೊರಗೆ ಕಾಣುವುದು ಸಹಜ. ಕಪ್ಪು ವರ್ತುಲವೆಂದು ನಾವು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಮುಖ್ಯವಾಗಿ ಮೂರು ಬಗೆಗಳುಂಟು.

ಮೊದಲನೆಯದು ಚರ್ಮದ ಸ್ವಂತ ಬಣ್ಣ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತು ಅಲ್ಲಿ ಹೆಚ್ಚಾಗಿ ಸೇರಿ ಕಂದು ಛಾಯೆ ಬರುತ್ತದೆ. ಭಾರತೀಯರಲ್ಲಿ ಇದು ಬಹಳ ಸಾಮಾನ್ಯ. ಎಷ್ಟೋ ಮನೆಗಳಲ್ಲಿ ಅಜ್ಜಿ, ತಾಯಿ, ಮಗಳು ಮೂವರಲ್ಲೂ ಕಾಣಸಿಗುತ್ತದೆ. ಬಿಸಿಲು ಇದನ್ನು ಹೆಚ್ಚಿಸುತ್ತದೆ. ಅಲರ್ಜಿಯಿಂದ ನವೆಯಾಗಿ ಸದಾ ಕಣ್ಣುಜ್ಜುವ ಅಭ್ಯಾಸವೂ ಹೆಚ್ಚಿಸುತ್ತದೆ.

ಎರಡನೆಯದು ರಕ್ತನಾಳಗಳ ಬಣ್ಣ. ತೆಳುಚರ್ಮದ ಮೂಲಕ ಹಾಯ್ದು ಕಾಣುವ ರಕ್ತನಾಳಗಳು ನೀಲಿ ಅಥವಾ ನೇರಳೆಯ ಛಾಯೆ ಕೊಡುತ್ತವೆ. ನಿದ್ದೆಗೆಟ್ಟಾಗ ಮುಖ ಬಿಳಿಚಿಕೊಳ್ಳುವುದರಿಂದ ಇದು ಇನ್ನಷ್ಟು ಎದ್ದು ಕಾಣುತ್ತದೆ.

ಮೂರನೆಯದು ಬಣ್ಣವೇ ಅಲ್ಲ, ಬರಿಯ ನೆರಳು. ವಯಸ್ಸಾದಂತೆ ಕಣ್ಣಿನ ಒಳತುದಿಯಿಂದ ಕೆನ್ನೆಯ ಕಡೆಗೆ ಒಂದು ತಗ್ಗು ಬೀಳುತ್ತದೆ. ಕೆಲವರಿಗೆ ಅದರ ಮೇಲ್ಗಡೆ ಸಣ್ಣ ಊತವೂ ಇರುತ್ತದೆ. ಮೇಲಿನಿಂದ ಬೆಳಕು ಬಿದ್ದಾಗ ಆ ತಗ್ಗಿನಲ್ಲಿ ನೆರಳು ನಿಲ್ಲುತ್ತದೆ.

ಇವನ್ನು ಗುರುತಿಸುವುದು ಕಷ್ಟವಲ್ಲ. ಹಗಲಿನಲ್ಲಿ ಕಿಟಕಿಗೆ ಎದುರಾಗಿ ಕೈಗನ್ನಡಿ ಹಿಡಿದು ಕುಳಿತುಕೊಳ್ಳಿ. ಬೆರಳಿನಿಂದ ಆ ಚರ್ಮವನ್ನು ಮೆಲ್ಲಗೆ ಪಕ್ಕಕ್ಕೆ ಎಳೆಯಿರಿ. ಕಪ್ಪು ಇದ್ದಂತೆಯೇ ಚರ್ಮದೊಡನೆ ಸರಿದರೆ ಅದು ಚರ್ಮದ ಬಣ್ಣ. ನೀಲಿ ಛಾಯೆ ಇನ್ನೂ ಹೆಚ್ಚಾಗಿ ಕಂಡರೆ ರಕ್ತನಾಳ. ಚರ್ಮ ಬಿಗಿದಾಗ ಅಥವಾ ಮುಖವನ್ನು ಬೆಳಕಿನ ಕಡೆಗೆ ಎತ್ತಿದಾಗ ಕಪ್ಪು ಕಡಿಮೆಯಾದರೆ ಅದು ನೆರಳು. ಬಹಳ ಮಂದಿಗೆ ಎರಡು ಮೂರು ಬಗೆಗಳು ಕೂಡಿಯೇ ಇರುತ್ತವೆ. ಅತ್ತಿಗೆಯವರಲ್ಲಿ ಚರ್ಮದ ಕಂದು, ಅದರೊಡನೆ ಸ್ವಲ್ಪ ತಗ್ಗು ಎರಡೂ ಇದ್ದವು.

ಕರಿಯ ಕಲ್ಲಿನ ಮರಿಗೆಯ ಹಾಲು

ಹಾಗಾದರೆ ಮಗಳು ಹಚ್ಚಿದ ಬಿಳುಪಾದ ಕ್ರೀಮು ಬೂದಿಯಾದದ್ದೇಕೆ? ಇದಕ್ಕೆ ಅಡುಗೆಮನೆಯಲ್ಲಿಯೇ ಉತ್ತರವಿದೆ. ನೀರು ಬೆರೆಸಿದ ಹಾಲನ್ನು ಕರಿಯ ಕಲ್ಲಿನ ಮರಿಗೆಯಲ್ಲಿ ತೆಳ್ಳಗೆ ಹರಡಿ ನೋಡಿ. ಹಾಲು ಬಿಳಿ, ಕಲ್ಲು ಕಪ್ಪು. ಆದರೂ ಕಾಣುವ ಬಣ್ಣದಲ್ಲಿ ಒಂದು ನೀಲಿಯ ಛಾಯೆ ಇರುತ್ತದೆ. ಕಡುಬಣ್ಣದ ಮೇಲಿನ ತೆಳುವಾದ ಬಿಳಿಯ ಪೊರೆಯು ಬೆಳಕಿನ ನೀಲಿಯ ಅಂಶವನ್ನು ಹೆಚ್ಚಾಗಿ ಚದುರಿಸುವುದೇ ಇದಕ್ಕೆ ಕಾರಣ. ಕಣ್ಣಿನ ಕೆಳಗಿನ ಕಂದಿನ ಮೇಲೆ ಬಿಳುಪಾದ ಕ್ರೀಮನ್ನು ಹಚ್ಚಿದಾಗಲೂ ಹೀಗೆಯೇ ಆಗುತ್ತದೆ. ಕಪ್ಪನ್ನು ಬಿಳಿಯಿಂದ ಗೆಲ್ಲಲು ಹೊರಟವರಿಗೆ ದೊರೆಯುವುದು ಬೂದು ಬಣ್ಣ ಮಾತ್ರ.

ಹಾಗಾದರೆ ಗೆಲ್ಲುವುದು ಹೇಗೆ? ವಿರುದ್ಧ ಬಣ್ಣದಿಂದ. ಬಣ್ಣಗಳನ್ನು ಚಕ್ರದಂತೆ ಜೋಡಿಸಿದಾಗ ನೀಲಿಗೆ ಎದುರಾಗಿ ಕಿತ್ತಳೆಯೂ, ನೇರಳೆಗೆ ಎದುರಾಗಿ ಹಳದಿಯೂ, ಕೆಂಪಿಗೆ ಎದುರಾಗಿ ಹಸಿರೂ ಬರುತ್ತವೆ. ಎದುರುಬದುರಾದ ಎರಡು ಬಣ್ಣಗಳು ಬೆರೆತಾಗ ಒಂದರ ತೀಕ್ಷ್ಣತೆಯನ್ನು ಇನ್ನೊಂದು ತಗ್ಗಿಸುತ್ತದೆ. ಆದ್ದರಿಂದ ನಮ್ಮ ಕಡೆಯ ಕಂದು ಮೈಬಣ್ಣದವರು ಕಣ್ಣಿನ ಕೆಳಗಿನ ನೀಲಿಗಪ್ಪಿಗೆ ಕಿತ್ತಳೆ ಛಾಯೆಯ ಕ್ರೀಮನ್ನು ಹಚ್ಚಬೇಕು. ಮೈಬಣ್ಣ ತಿಳಿಯಾಗಿದ್ದವರಿಗೆ ಕಿತ್ತಳೆ ಕಣ್ಣಿಗೆ ಹೊಡೆಯುತ್ತದೆ. ಅವರಿಗೆ ಪೀಚ್ ಹಣ್ಣಿನಂಥ ನಸುಗೆಂಪು ಸಾಕು. ಮುಖ್ಯವಾಗಿ ನೇರಳೆಯೇ ಕಾಣುವವರಿಗೆ ಹಳದಿ ಬೆರೆತ ಛಾಯೆ ಒಪ್ಪುತ್ತದೆ. ಅಂಗಡಿಯಲ್ಲಿ ಇದನ್ನು ಕರೆಕ್ಟರ್ ಎಂದು ಕೇಳಬೇಕು. ಚರ್ಮದ ಬಣ್ಣದ್ದೇ ಆದ ಕನ್ಸೀಲರ್ ಇದರ ಮೇಲೆ ಹಚ್ಚುವ ಬೇರೆಯೇ ವಸ್ತು. ಎರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಅರ್ಧ ತೊಂದರೆ.

ಬಣ್ಣಗಳ ಈ ಸಂಬಂಧವನ್ನು ಶಾಸ್ತ್ರೀಯವಾಗಿ ವಿವರಿಸಿದವರಲ್ಲಿ ಮುಖ್ಯನಾದವನು ಮಿಷೆಲ್ ಷೆವ್ರಲ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ. ಪ್ಯಾರಿಸ್ಸಿನ ಗೋಬ್ಲಾಂ ಚಿತ್ರಕಂಬಳಿ ಕಾರ್ಖಾನೆಯಲ್ಲಿ 1824ರಲ್ಲಿ ಆತ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥನಾದ. ಅಲ್ಲಿನ ಕಪ್ಪು ನೂಲಿಗೆ ಸಾಕಷ್ಟು ಗಾಢತೆಯಿಲ್ಲವೆಂಬ ದೂರು ಅವನ ಮುಂದೆ ಬಂದಿತು. ಪರೀಕ್ಷಿಸಿ ನೋಡಲಾಗಿ, ದೋಷ ನೂಲಿನಲ್ಲಿರಲಿಲ್ಲ. ಪಕ್ಕದಲ್ಲಿ ನೇಯ್ದ ಬೇರೆ ಬಣ್ಣಗಳೇ ಕಪ್ಪಿನ ರೂಪವನ್ನು ಬದಲಿಸುತ್ತಿದ್ದವು. ಒಂದು ಬಣ್ಣ ನಮ್ಮ ಕಣ್ಣಿಗೆ ಹೇಗೆ ಕಾಣುತ್ತದೆಂಬುದು ಅದರ ನೆರೆಹೊರೆಯನ್ನು ಅವಲಂಬಿಸಿದೆಯೆಂದು ಆತ 1839ರಲ್ಲಿ ಪುಸ್ತಕವನ್ನೇ ಪ್ರಕಟಿಸಿದ. ಕೆನ್ನೆಯ ಕಂದಿನ ಪಕ್ಕದಲ್ಲಿ ಬಿಳುಪಾದ ಅರ್ಧಚಂದ್ರವನ್ನು ಬರೆದುಕೊಂಡವರು ಆ ಮಾತಿನ ಸತ್ಯವನ್ನು ತಮ್ಮ ಮುಖದ ಮೇಲೆಯೇ ಕಾಣಬಹುದು.

ನಮ್ಮ ಕರಾವಳಿಯ ಯಕ್ಷಗಾನದ ಚೌಕಿಗೆ ಹೋದವರಿಗೆ ಇದು ಹೊಸ ವಿಷಯವಲ್ಲ. ಅಲ್ಲಿ ಕಲಾವಿದರು ಬಿಳಿಯನ್ನಷ್ಟೇ ಮುಖಕ್ಕೆ ಬಳಿದುಕೊಂಡು ರಂಗಸ್ಥಳಕ್ಕೆ ಬರುವುದಿಲ್ಲ. ಬಿಳಿಗೆ ಹಳದಿಯನ್ನೂ ಕೆಂಪನ್ನೂ ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಅಂಗೈಯಲ್ಲಿ ಹದ ನೋಡಿ, ಮುಖದ ಮೂಲಬಣ್ಣವನ್ನು ಸಿದ್ಧಪಡಿಸಿಕೊಳ್ಳುತ್ತಾರೆ.

ಸಿನಿಮಾದಿಂದಲೂ ಒಂದು ಉದಾಹರಣೆ ಕೊಡಬಹುದು. ಕಪ್ಪು ಬಿಳುಪಿನ ಚಿತ್ರದಲ್ಲಿ ಮುಖದ ಯಾವ ಭಾಗ ಎಷ್ಟು ಕಡು, ಎಷ್ಟು ತಿಳಿ ಎಂಬುದೇ ಲೆಕ್ಕ. 1964ರಲ್ಲಿ ತೆರೆಕಂಡ ‘ಅಮರಶಿಲ್ಪಿ ಜಕಣಾಚಾರಿ’ ಕನ್ನಡದ ಮೊದಲ ಪೂರ್ಣ ವರ್ಣಚಿತ್ರ. ವರ್ಣಚಿತ್ರದಲ್ಲಿ ಕಡು ತಿಳಿಗಳ ಜೊತೆಗೆ ಬಣ್ಣದ ಛಾಯೆಯೂ ಹೊಂದಬೇಕು. ಇಂದು ಪ್ರತಿಯೊಬ್ಬರ ಕೈಯಲ್ಲಿಯೂ ಬಣ್ಣದ ಕ್ಯಾಮೆರಾ ಇದೆ. ನಾವು ಮಾತ್ರ ಇನ್ನೂ ಕಪ್ಪು ಬಿಳುಪಿನ ಕಾಲದ ಲೆಕ್ಕದಲ್ಲಿಯೇ ಪೌಡರು ಹಚ್ಚುತ್ತಿದ್ದೇವೆ!

ಹಚ್ಚುವ ಕ್ರಮ

ಆ ಹಿರಿಯರು ಅತ್ತಿಗೆಯವರ ಒಂದು ಕಣ್ಣಿಗೆ ತಾವು ಹಚ್ಚಿ, ಇನ್ನೊಂದಕ್ಕೆ ಅವರ ಕೈಯಿಂದಲೇ ಹಚ್ಚಿಸಿದರು. ಆ ಕ್ರಮವನ್ನು ಓದುಗರಿಗಾಗಿ ಇಲ್ಲಿ ಬರೆಯುತ್ತೇನೆ.

ಮೊದಲು ಮುಖವನ್ನು ತಣ್ಣೀರಿನಲ್ಲಿ ತೊಳೆದು, ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮುಚ್ಚಿದ ಕಣ್ಣುಗಳ ಮೇಲೆ ಐದು ನಿಮಿಷ ಇಡಿ. ತಂಪಿನಿಂದ ರಕ್ತನಾಳಗಳು ಸಂಕುಚಿತವಾಗಿ ಊತವೂ ನೀಲಿಯೂ ಸ್ವಲ್ಪ ಹೊತ್ತಿನ ಮಟ್ಟಿಗೆ ಇಳಿಯುತ್ತವೆ. ಸೌತೆಕಾಯಿಯ ಬಿಲ್ಲೆಯಿಂದ ಆಗುವ ಉಪಕಾರವೂ ಬಹುಮಟ್ಟಿಗೆ ಈ ತಂಪಿನದೇ. ನಿಂಬೆಯ ರಸವನ್ನಂತೂ ಕಣ್ಣಿನ ಸಮೀಪಕ್ಕೆ ತರಬೇಡಿ. ಅದು ಚರ್ಮವನ್ನು ಕೆರಳಿಸಿ, ಬಿಸಿಲು ತಗುಲಿದಾಗ ಕಲೆಯನ್ನು ಇನ್ನಷ್ಟು ಹೆಚ್ಚಿಸಬಹುದು.

ಬಳಿಕ ಚರ್ಮವನ್ನು ಮೆದುವಾಗಿಸುವ ಕ್ರೀಮನ್ನು ಚೂರೇ ಚೂರು ಹಚ್ಚಿ ಐದು ನಿಮಿಷ ಬಿಡಿ. ಒಣಗಿದ ಚರ್ಮದ ಮೇಲೆ ಯಾವ ಬಣ್ಣವೂ ನೆಟ್ಟಗೆ ಕೂರದು, ಗೆರೆಗೆರೆಯಾಗಿ ಒಡೆಯುತ್ತದೆ.

ಈಗ ಕಿತ್ತಳೆ ಬಣ್ಣದ ಕರೆಕ್ಟರ್. ಒಂದು ಕಣ್ಣಿಗೆ ಒಂದು ಅಕ್ಕಿಕಾಳಿನಷ್ಟು ಸಾಕು. ಕಪ್ಪಿರುವ ಕಡೆಗೆ ಮಾತ್ರ ಹಚ್ಚಬೇಕು, ಕೆನ್ನೆಗೆ ಹರಡಬಾರದು. ಸಾಮಾನ್ಯವಾಗಿ ಮೂಗಿನ ಪಕ್ಕದ ಒಳತುದಿಯಲ್ಲಿಯೇ ಕಪ್ಪು ಹೆಚ್ಚು. ಉಂಗುರದ ಬೆರಳಿನಿಂದ, ಹೂವಿನ ಎಸಳನ್ನು ಮುಟ್ಟುವಷ್ಟು ಮೃದುವಾಗಿ ತಟ್ಟಿ ತಟ್ಟಿ ಕೂರಿಸಿ. ಆ ಬೆರಳಿಗೆ ಬಲ ಕಡಿಮೆಯಾದ್ದರಿಂದ ಅದೇ ಈ ಕೆಲಸಕ್ಕೆ ಯೋಗ್ಯ. ಉಜ್ಜುವುದು ಮಾತ್ರ ಕೂಡದು. ಈ ಹಂತದಲ್ಲಿ ಕಪ್ಪು ಹೋಗಿ ಮಸುಕಾದ ಕಂದು ಉಳಿದರೆ ಸರಿಯಾಯಿತೆಂದು ತಿಳಿಯಿರಿ. ಕಿತ್ತಳೆಯೇ ಎದ್ದು ಕಂಡರೆ ಹೆಚ್ಚಾಯಿತೆಂದರ್ಥ.

ಅದರ ಮೇಲೆ ಮೈಬಣ್ಣಕ್ಕೆ ಹೊಂದುವ ಕನ್ಸೀಲರನ್ನು ಅಷ್ಟೇ ತೆಳುವಾಗಿ ತಟ್ಟಿ. ಕೊಳ್ಳುವಾಗ ಅಂಗಡಿಯ ದೀಪವನ್ನು ನಂಬಬೇಡಿ. ಮುಂಗೈಯ ಮೇಲೆ ಹಚ್ಚಿ ನೋಡುವುದೂ ಸರಿಯಲ್ಲ, ಕೈಯ ಬಣ್ಣವೇ ಬೇರೆ. ಕೆನ್ನೆಯ ಕೆಳಗೆ ದವಡೆಯ ಬಳಿ ಒಂದು ಗೆರೆ ಎಳೆದುಕೊಂಡು ಅಂಗಡಿಯಿಂದ ಹೊರಗೆ ಬಂದು ಹಗಲಿನ ಬೆಳಕಿನಲ್ಲಿ ನೋಡಿ. ಯಾವ ಗೆರೆ ಕಣ್ಣಿಗೆ ಕಾಣದೆ ಮಾಯವಾಗುತ್ತದೆಯೋ ಅದೇ ನಿಮ್ಮ ಬಣ್ಣ. “ಎರಡು ಬಣ್ಣ ತಿಳಿಯದನ್ನು ತೆಗೆದುಕೊಳ್ಳಿ, ಮುಖ ಬೆಳ್ಳಗೆ ಕಾಣುತ್ತದೆ” ಎಂದು ಅಂಗಡಿಯವರು ಹೇಳಿದರೆ ನಸುನಕ್ಕು ಮುಂದೆ ಹೋಗಿ. ಈ ವಿದ್ಯೆಯ ಉದ್ದೇಶ ಬೆಳ್ಳಗಾಗುವುದಲ್ಲ; ನಮ್ಮ ಮುಖ ನಮ್ಮದೇ ಬಣ್ಣದಲ್ಲಿ ಒಂದಾಗಿ ಕಾಣುವುದು.

ಕೊನೆಯದು ಪೌಡರು. ಕಣ್ಣನ್ನು ಮೇಲೆತ್ತಿ ನೋಡುತ್ತಾ, ಕೆಳಗಿನ ಸಣ್ಣ ಗೆರೆಗಳಲ್ಲಿ ಸೇರಿದ ಬಣ್ಣವನ್ನು ಒಮ್ಮೆ ಬೆರಳಿನಿಂದ ಮೆಲ್ಲನೆ ತಟ್ಟಿ ಸಮಮಾಡಿ. ಆಮೇಲೆ ಕುಂಚದ ತುದಿಯಲ್ಲಿ ನಿಲ್ಲುವಷ್ಟೇ ಪೌಡರನ್ನು ಒತ್ತಿ. ನಲವತ್ತು ದಾಟಿದವರು ಇದನ್ನು ಆದಷ್ಟು ಕಡಿಮೆ ಮಾಡುವುದೇ ಮೇಲು. ಬಿಳಿಯ ಪೌಡರು ಫ್ಲ್ಯಾಷ್ ದೀಪದ ಬೆಳಕನ್ನು ಕ್ಯಾಮೆರಾದ ಕಡೆಗೇ ಹಿಂದಿರುಗಿಸುವುದರಿಂದ ಚಿತ್ರದಲ್ಲಿ ಬೂದಿಯಂತೆ ಕಾಣುತ್ತದೆ. ಅತ್ತಿಗೆಯವರ ನಾಲ್ಕು ಚಿತ್ರಗಳು ಹಾಳಾಗಲು ಇದೂ ಒಂದು ಕಾರಣವಾಗಿದ್ದಿತು.

ಕಣ್ಣಿನ ಕೆಳಗೆ ತಗ್ಗಿರುವವರಿಗೆ ಒಂದು ಮಾತು. ನೆರಳನ್ನು ಬಣ್ಣದಿಂದ ಪೂರ್ತಿಯಾಗಿ ಅಳಿಸಲಾಗದು. ತಗ್ಗಿನ ಗೆರೆಯಲ್ಲಿ ಮಾತ್ರ ನೂಲಿನೆಳೆಯಷ್ಟು ತಿಳಿಬಣ್ಣ ಹಚ್ಚಿದರೆ ಅದು ಸ್ವಲ್ಪ ಮೇಲೆ ಬಂದಂತೆ ತೋರುತ್ತದೆ. ಊತದ ಮೇಲೆ ತಿಳಿಬಣ್ಣ ಹಚ್ಚಿದರೆ ಊತ ಇನ್ನೂ ದೊಡ್ಡದಾಗಿ ಕಾಣುತ್ತದೆ. ಕೆಳರೆಪ್ಪೆಗೆ ಕಾಡಿಗೆ ತೀಡುವ ಅಭ್ಯಾಸವಿದ್ದವರು ಅಂದಿನ ಮಟ್ಟಿಗೆ ಮೇಲುರೆಪ್ಪೆಗೆ ಮಾತ್ರ ತೀಡಿಕೊಳ್ಳಲಿ. ಬೆವರಿಗೂ ಹೋಮದ ಹೊಗೆಗೂ ಕಣ್ಣಿನಲ್ಲಿ ನೀರು ಬಂದು ಕಾಡಿಗೆ ಕೆಳಗಿಳಿದರೆ, ಇಷ್ಟು ಶ್ರಮಪಟ್ಟು ಮುಚ್ಚಿದ ಕಪ್ಪು ಮತ್ತೆ ಅಲ್ಲಿಯೇ ಬಂದು ಕುಳಿತುಕೊಳ್ಳುತ್ತದೆ.

ಹೊಸ ಕ್ರೀಮನ್ನು ಮದುವೆಯ ದಿನವೇ ಮೊದಲಬಾರಿಗೆ ಹಚ್ಚುವ ಸಾಹಸ ಬೇಡ. ಎರಡು ದಿನ ಮೊದಲು ಮೊಣಕೈಯ ಒಳಭಾಗಕ್ಕೆ ಹಚ್ಚಿ, ನವೆ, ಕೆಂಪು ಬಾರದೆಂದು ಖಚಿತಪಡಿಸಿಕೊಳ್ಳಿ. ಡಬ್ಬಿಯ ಮೇಲಿನ ತಾರೀಖು ನೋಡಿ. ಕಣ್ಣಿಗೆ ಹಚ್ಚುವ ಕಡ್ಡಿ, ಕುಂಚಗಳನ್ನು ಅಕ್ಕತಂಗಿಯರೊಡನೆಯೂ ಹಂಚಿಕೊಳ್ಳಬೇಡಿ. ಕಣ್ಣಿನ ಸೋಂಕಿಗೆ ಅದು ಸುಲಭದ ದಾರಿ. ರಾತ್ರಿ ಮಲಗುವ ಮೊದಲು ಹತ್ತಿಗೆ ಎರಡು ಹನಿ ಎಣ್ಣೆ ಹಾಕಿ, ಒಂದು ನಿಮಿಷ ಒತ್ತಿಟ್ಟು, ಉಜ್ಜದೆ ಒರೆಸಿ ಮುಖ ತೊಳೆಯಿರಿ.

ಇದು ವಂಚನೆಯೇ?

ಮನೆಗೆ ಹಿಂದಿರುಗುವಾಗ ಅತ್ತಿಗೆ ಕೇಳಿದರು: “ಇಷ್ಟು ವಯಸ್ಸಾದ ಮೇಲೆ ಇದೆಲ್ಲ ಬೇಕೇನೇ? ಇಲ್ಲದ್ದನ್ನು ತೋರಿಸಿ ಜನರಿಗೆ ಮೋಸ ಮಾಡಿದಂತಾಗುವುದಿಲ್ಲವೇ?”

ನಮ್ಮ ಎಷ್ಟೋ ಗೃಹಿಣಿಯರ ಮನಸ್ಸಿನಲ್ಲಿ ಈ ಅಳುಕು ಉಂಟು. ಇದಕ್ಕೆ ಉತ್ತರವಾಗಿ ಅಮೆರಿಕದ ಲಿಡಿಯಾ ಓಲಿಯರಿ ಎಂಬ ಮಹಿಳೆಯನ್ನು ನೆನೆಯಬಹುದು. ಹುಟ್ಟಿನಿಂದಲೇ ಆಕೆಯ ಮುಖದ ಮೇಲೆ ದ್ರಾಕ್ಷಾರಸದ ಬಣ್ಣದ ದೊಡ್ಡ ಮಚ್ಚೆಯಿದ್ದಿತು. ಅದನ್ನು ಮರೆಮಾಡಲು ಒಂದು ದಟ್ಟವಾದ ಕ್ರೀಮನ್ನು ತಾನೇ ಸಿದ್ಧಪಡಿಸಿ, ‘ಕವರ್‌ಮಾರ್ಕ್’ ಎಂಬ ಹೆಸರಿನಿಂದ ಮಾರಾಟಕ್ಕೆ ತಂದಳು. 1932ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ಚಲನಚಿತ್ರರಂಗಕ್ಕೆ ಪ್ರಸಾಧನಗಳನ್ನು ಒದಗಿಸುತ್ತಿದ್ದ ಮ್ಯಾಕ್ಸ್ ಫ್ಯಾಕ್ಟರ್ ಸಂಸ್ಥೆ 1954ರಲ್ಲಿ ‘ಇರೇಸ್’ ಎಂಬ ಕಡ್ಡಿಯನ್ನು ಮಾರುಕಟ್ಟೆಗೆ ತಂದಾಗ, ಕಲೆ ಮುಚ್ಚುವ ಬಣ್ಣ ಸಾಮಾನ್ಯ ಗೃಹಿಣಿಯ ಕೈಚೀಲಕ್ಕೂ ಸೇರಿತು. ನಮ್ಮ ದೇಶದಲ್ಲಿ ಟಾಟಾ ಸಮೂಹ ‘ಲ್ಯಾಕ್ಮೆ’ಯನ್ನು ಆರಂಭಿಸಿದ್ದು 1952ರಲ್ಲಿ.

ಲಿಡಿಯಾ ಓಲಿಯರಿ ಯಾರನ್ನು ವಂಚಿಸಿದಳು? ಜನರು ತನ್ನ ಮಚ್ಚೆಯನ್ನು ಬಿಟ್ಟು ತನ್ನನ್ನು ನೋಡಲಿ ಎಂದಷ್ಟೇ ಆಕೆಯ ಆಸೆ. ಮಗಳ ಮದುವೆಯ ದಿನ ಸೆರಗಿನ ಹರಕನ್ನು ಹೊಲಿದುಕೊಳ್ಳುವ ತಾಯಿಯನ್ನು ಮೋಸಗಾರ್ತಿಯೆಂದು ಯಾರೂ ಕರೆಯುವುದಿಲ್ಲ. ಕಣ್ಣಿನ ಕೆಳಗಿನ ಬಳಲಿಕೆಯನ್ನು ಒಂದು ದಿನದ ಮಟ್ಟಿಗೆ ಮರೆಮಾಡುವುದೂ ಅಷ್ಟೇ. ನಾನು ಹೀಗೆಂದಾಗ ಅತ್ತಿಗೆ ಸುಮ್ಮನಾದರು.

ಆದರೆ ಯಾರಿಂದ ಮರೆಮಾಡಿದರೂ ನಮ್ಮಿಂದಲೇ ಮರೆಮಾಡಬಾರದ ಸಂಗತಿಯೊಂದಿದೆ.

ಬಣ್ಣಕ್ಕೆ ಮೊದಲು ರಕ್ತ

ಆ ದಿನ ಕಿಟಕಿಯ ಬೆಳಕಿನಲ್ಲಿ ಆ ಹಿರಿಯರು ಅತ್ತಿಗೆಯವರ ಕೆಳರೆಪ್ಪೆಯನ್ನು ಮೆಲ್ಲಗೆ ಇಳಿಸಿ ಒಳಭಾಗವನ್ನು ನೋಡಿದ್ದರು. ಕೆಂಪಾಗಿರಬೇಕಾದದ್ದು ಬಿಳಿಚಿಕೊಂಡಿದ್ದಿತು. “ನನ್ನ ಡಬ್ಬಿಯಲ್ಲಿ ಇದಕ್ಕೆ ಬಣ್ಣವಿಲ್ಲ. ನಾಳೆಯೇ ಹೋಗಿ ರಕ್ತ ಪರೀಕ್ಷೆ ಮಾಡಿಸಿ ತಾಯಿ” ಎಂದರು. ಮಾಡಿಸಿದೆವು. ಗರ್ಭಿಣಿಯಲ್ಲದ ಹೆಂಗಸಿನ ರಕ್ತದಲ್ಲಿ ಡೆಸಿಲೀಟರಿಗೆ ಕನಿಷ್ಠ 12 ಗ್ರಾಂ ಹಿಮೋಗ್ಲೋಬಿನ್ ಇರಬೇಕು. ಅತ್ತಿಗೆಯವರಲ್ಲಿ 9 ಗ್ರಾಂ ಇದ್ದಿತು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಒಂದು ವರ್ಷದಿಂದ ಅಧಿಕ ಸ್ರಾವವಾಗುತ್ತಿದ್ದರೂ ಅವರು ಯಾರಿಗೂ ಹೇಳಿರಲಿಲ್ಲ. ದಣಿವನ್ನೆಲ್ಲ ನಿದ್ದೆಗೇಡಿನ ಲೆಕ್ಕಕ್ಕೆ ಬರೆದುಕೊಂಡು ಸುಮ್ಮನಿದ್ದರು. ವೈದ್ಯೆ ಅದಕ್ಕೆ ತಕ್ಕ ಚಿಕಿತ್ಸೆಯನ್ನೂ ಕಬ್ಬಿಣಾಂಶದ ಮಾತ್ರೆಗಳನ್ನೂ ಕೊಟ್ಟು, ಮಾತ್ರೆಯ ಆಸುಪಾಸಿನಲ್ಲಿ ಕಾಫಿ, ಟೀ ಕುಡಿಯಬಾರದೆಂದು ಎಚ್ಚರಿಸಿದರು.

ಇದು ನಮ್ಮ ಮನೆಯೊಂದರ ಕಥೆಯಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದ್ದಿತು. ರಕ್ತಹೀನತೆಯಿಂದ ಮುಖ ಬಿಳಿಚಿಕೊಂಡಾಗ ಕಣ್ಣಿನ ಕೆಳಗಿನ ಕಪ್ಪು ಇನ್ನೂ ಗಾಢವಾಗಿ ತೋರುತ್ತದೆ. ಆದ್ದರಿಂದ ಕಪ್ಪು ಇತ್ತೀಚೆಗೆ ಹೆಚ್ಚಾಗಿದ್ದು, ಅದರೊಡನೆ ದಣಿವು, ಮೆಟ್ಟಿಲು ಹತ್ತುವಾಗ ಏದುಸಿರು, ಕಣ್ಣಿನ ನವೆ ಅಥವಾ ಮುಖದ ಊತವಿದ್ದರೆ ಮೊದಲು ವೈದ್ಯರ ಬಾಗಿಲು, ಆಮೇಲೆ ಪ್ರಸಾಧನದ ಅಂಗಡಿ.

ಇನ್ನೊಂದು ಎಚ್ಚರಿಕೆ. ಮುಖವನ್ನು ಬೆಳ್ಳಗೆ ಮಾಡುತ್ತವೆಂದು ಔಷಧದ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಳ್ಳುವ ಕೆಲವು ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಅವನ್ನು ಬಹುಕಾಲ ಹಚ್ಚಿದರೆ ಮೊದಲೇ ತೆಳುವಾದ ಚರ್ಮ ಇನ್ನೂ ತೆಳುವಾಗಿ ರಕ್ತನಾಳಗಳು ಹೆಚ್ಚಾಗಿ ಕಾಣತೊಡಗುತ್ತವೆ. ಕಣ್ಣಿನೊಳಗಿನ ಒತ್ತಡ ಏರುವ ಅಪಾಯವೂ ಉಂಟು. ಇಂಥ ಔಷಧವನ್ನು ಕಣ್ಣಿನ ಬಳಿ ವೈದ್ಯರ ಮಾತಿಲ್ಲದೆ ಮುಟ್ಟಲೇಬಾರದು. ಹುಟ್ಟಿನಿಂದ ಬಂದ ಕಂದು ಪೂರ್ತಿಯಾಗಿ ಹೋಗುವುದಿಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕು. ಬಿಸಿಲಿಗೆ ಹೋಗುವಾಗ ಕನ್ನಡಕ, ಕೊಡೆ ಅಥವಾ ಬಿಸಿಲಿನಿಂದ ಕಾಯುವ ಕ್ರೀಮು, ರಾತ್ರಿ ಸಾಕಷ್ಟು ನಿದ್ದೆ, ಕಣ್ಣುಜ್ಜದ ಸಂಯಮ, ಇಷ್ಟರಿಂದ ಅದು ಹೆಚ್ಚಾಗದಂತೆ ನೋಡಿಕೊಳ್ಳಬಹುದು.

ಧಾರೆಯ ದಿನ

ಮದುವೆಯ ಹಿಂದಿನ ದಿನ ರಾತ್ರಿ ಅಣ್ಣ ಯಾರ ಮಾತನ್ನೂ ಕೇಳದೆ ಅಡಿಗೆಯವರ ಮೇಲ್ವಿಚಾರಣೆಯನ್ನು ತಾನೇ ವಹಿಸಿಕೊಂಡು, ಅತ್ತಿಗೆಯವರನ್ನು ಹತ್ತು ಗಂಟೆಗೇ ಮಲಗಲು ಕಳುಹಿಸಿದ. ಬೆಳಗ್ಗೆ ಅವರು ತಾವೇ ಕಿಟಕಿಯ ಬಳಿ ಕುಳಿತು, ಎರಡು ಅಕ್ಕಿಕಾಳಿನಷ್ಟು ಕಿತ್ತಳೆ ಬಣ್ಣವನ್ನು ಉಂಗುರದ ಬೆರಳಿನಿಂದ ತಟ್ಟಿಕೊಂಡರು. ಒಟ್ಟು ಹತ್ತು ನಿಮಿಷದ ಕೆಲಸ. ಎರಡು ತಿಂಗಳ ಚಿಕಿತ್ಸೆಯಿಂದ ಮುಖಕ್ಕೆ ಸ್ವಲ್ಪ ರಕ್ತವೂ ಬಂದಿದ್ದಿತು. ಆ ದಿನ ಯಾರೂ ಅವರ ಕಣ್ಣಿನ ವಿಚಾರವೆತ್ತಲಿಲ್ಲ. “ಎಷ್ಟು ಚೆನ್ನಾಗಿ ಮೇಕಪ್ ಮಾಡಿಕೊಂಡಿದ್ದೀರಿ” ಎಂದೂ ಯಾರೂ ಹೇಳಲಿಲ್ಲ. ಅದನ್ನು ಗಮನಿಸಿದವರೇ ಇರಲಿಲ್ಲ. ಬೀಗಿತ್ತಿಯವರು ಮಾತ್ರ, “ಸೀರೆ ನಿಮಗೆ ಬಹಳ ಒಪ್ಪುತ್ತದೆ” ಎಂದರು.

ಮಗಳ ಕೈಯನ್ನು ಧಾರೆ ಎರೆಯುವಾಗ ಅತ್ತಿಗೆಯವರ ಕಣ್ಣು ತುಂಬಿ ಹರಿಯಿತು. ನಾನು ಪಕ್ಕದಲ್ಲಿ ಕರವಸ್ತ್ರ ಹಿಡಿದು, “ಒತ್ತಿ ಒರಸಿಕೊಳ್ಳಿ ಅತ್ತಿಗೆ, ಉಜ್ಜಬೇಡಿ” ಎಂದು ಪಿಸುಗುಟ್ಟಿದೆ. ಅವರು ಅಳುತ್ತಲೇ ನಕ್ಕುಬಿಟ್ಟರು. ಛಾಯಾಗ್ರಾಹಕ ಆ ಕ್ಷಣವನ್ನೇ ಹಿಡಿದಿದ್ದಾನೆ. ಆ ಚಿತ್ರದಲ್ಲಿ ಅವರು ಎಲ್ಲರಿಗಿಂತ ಮುಂದೆ ನಿಂತಿದ್ದಾರೆ.

ರಾತ್ರಿ ಎಲ್ಲ ಮುಗಿದ ಮೇಲೆ ಅವರು ಹತ್ತಿಗೆ ಎಣ್ಣೆ ಹಾಕಿ ಬಣ್ಣವನ್ನು ತೆಗೆದರು. ಕೆಳಗಿದ್ದ ಕಪ್ಪು, ಸ್ವಲ್ಪ ಕಡಿಮೆಯಾಗಿದ್ದರೂ, ಅಲ್ಲಿಯೇ ಇದ್ದಿತು. ಕನ್ನಡಿಯಲ್ಲಿ ಒಂದು ಗಳಿಗೆ ನೋಡಿಕೊಂಡು, “ಇರಲಿ ಬಿಡು, ಇವತ್ತಿಗೆ ಬೇಡವಾಗಿತ್ತು ಅಷ್ಟೇ” ಎಂದು ದೀಪವಾರಿಸಿ ಮಲಗಿದರು. ಮರುದಿನ ಬೆಳಗ್ಗೆ ಒಂಬತ್ತು ಗಂಟೆಯವರೆಗೂ ಅವರನ್ನು ಯಾರೂ ಎಬ್ಬಿಸದಂತೆ ನಾನು ಬಾಗಿಲಿನಲ್ಲಿಯೇ ಕುಳಿತಿದ್ದೆ.